ಅಪ್ಪನ ಗಾಡಿಯ ಅಯಸ್ಕಾಂತ

ನಿವೃತ್ತಳಾದ ಮೇಲೆ ನಾನು ಮಾಡಿದ ಮೊದಲ ದಡ್ಡತನವೆಂದರೆ, ಅಪ್ಪನ ಹಳೆಯ ಮೋಟರ್ ಸೈಕಲ್ಲನ್ನು ಚಾಲೂ ಮಾಡಿಸುತ್ತೇನೆಂದು ತಮ್ಮನ ಎದುರು ಜಂಬ ಕೊಚ್ಚಿದ್ದು. ರೋಣದ ನಮ್ಮ ಮನೆಯ ಹಿತ್ತಲಲ್ಲಿ ಅದು ನಲವತ್ತು ವರ್ಷಕ್ಕೂ ಮೇಲ್ಪಟ್ಟು ನಿಂತೇ ಇತ್ತು. ಅದಕ್ಕೆ ಬ್ಯಾಟರಿ ಇಲ್ಲ. ಲಾಳದಂತೆ ಬಾಗಿದ ಒಂದು ಅಯಸ್ಕಾಂತದ ಬಲದಿಂದಲೇ ಎಂಜಿನ್ನಿಗೆ ಕಿಡಿ ಸಿಗಬೇಕು. ಚಿಕ್ಕಂದಿನಲ್ಲಿ ಅದನ್ನು ಬಿಚ್ಚಿ, ಹಗ್ಗ ಕಟ್ಟಿ, ಬಾವಿಗೆ ಬಿದ್ದ ಬಕೆಟ್ ಎತ್ತಲು ಹೋಗಿ ಕಳೆದವನು ಇದೇ ತಮ್ಮ. ಈಗ ಅವನೇ, “ದೀಪಾವಳಿ ತನಕಾ ಚಾಲೂ ಆಗಲಿಲ್ಲಂದ್ರ ಗುಜರಿಗೆ ಹಾಕತೇನಿ ನೋಡಕ್ಕಾ” ಎಂದ.

ಉಳಿದದ್ದನ್ನೆಲ್ಲ ನರಗುಂದದ ಮೆಕ್ಯಾನಿಕ್ ಸರಿಮಾಡಿಕೊಟ್ಟ. ಅಯಸ್ಕಾಂತ ಮಾತ್ರ ಎಲ್ಲೂ ಸಿಗಲಿಲ್ಲ. ಜೀವನವಿಡೀ ಮಕ್ಕಳಿಗೆ ವಿಜ್ಞಾನ ಹೇಳಿದವಳು ನಾನು. ಗಟ್ಟಿ ಉಕ್ಕನ್ನು ಕೆಂಪಗೆ ಕಾಸಿ, ತಟ್ಟನೆ ನೀರಿನಲ್ಲಿ ಅದ್ದಿದರೆ ಅದು ಕಾಂತತ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಗೊತ್ತಿತ್ತು. ಕಬ್ಬಿಣ ತಿಕ್ಕುವ, ಗಟ್ಟಿ ಉಕ್ಕಿನ ಹಳೆಯ ಕಾನಸುಗಳನ್ನು ಚೀಲಕ್ಕೆ ತುಂಬಿಕೊಂಡು ಗಜೇಂದ್ರಗಡದ ಕಮ್ಮಾರರೊಬ್ಬರ ಬಳಿಗೆ ಹೋದೆ. ಅವರ ಕುಡಗೋಲೆಂದರೆ ಇಟಗಿಯಿಂದಲೂ ಜನ ಬರುತ್ತಾರೆ.

ಅವರು ಬಗ್ಗಿಸಿಕೊಟ್ಟ ಲಾಳಕ್ಕೆ ಮನೆಯಲ್ಲಿ ತಾಮ್ರದ ತಂತಿ ಸುತ್ತಿ ಬ್ಯಾಟರಿಯಿಂದ ಕರೆಂಟು ಹಾಯಿಸಿದೆ. ಮೊಳೆಗಳು ಅಂಟಿಕೊಂಡವು. ಎರಡು ದಿನಕ್ಕೆಲ್ಲ ಬಲ ಇಳಿದು, ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ತಂತಿ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಕೊನೆಗೆ, ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಿದೆನೇನೋ ಎಂದು ಸಂಕಟವಾಯಿತು.

ನಾಲ್ಕನೆಯ ಸಲ ಬಸ್ಸು ತಪ್ಪಿ, ಕುಲುಮೆಯ ಬಳಿಯೇ ಕೂತೆ. ನೀರಿನಿಂದ ತೆಗೆದ ಲಾಳವನ್ನು ಕಮ್ಮಾರರು ಒರೆಸಿ, ಸಾವಕಾಶವಾಗಿ ಮತ್ತೆ ಬೆಂಕಿಯ ಅಂಚಿಗೆ ಇಟ್ಟರು.

“ಇದೇನ್ ಮಾಡಾಕತ್ತೀರಿ?” ಎಂದೆ.

“ಇನ್ನೊಮ್ಮಿ ಒಂಚೂರು ಕಾಸಬೇಕ್ರಿ ಅಕ್ಕೋರ. ಇಲ್ಲಂದ್ರ ಭಾಳ ಲಗೂ ಒಡೀತೈತಿ.”

“ಒಡದ್ರೂ ಅಡ್ಡಿ ಇಲ್ರಿ. ಹಿಂಗ ಕಾಸಿದ್ರ ಮೆತ್ತಗ ಆಗಿ ಬಲಾ ಹೋಗತೈತಿ.”

“ಒಡಿಯೋ ಸಾಮಾನ ನಮ್ಮಪ್ಪನೂ ಕೊಟ್ಟಿಲ್ಲ, ನಾನೂ ಕೊಟ್ಟಿಲ್ರಿ.”

ಮೈಯೆಲ್ಲ ಉರಿದುಹೋಯಿತು. ಎರಡು ತಿಂಗಳ ನನ್ನ ಓಡಾಟವನ್ನು ಇವರು ತಮ್ಮ ಒಳ್ಳೆಯತನದಿಂದಲೇ ಹಾಳುಮಾಡಿದ್ದರು. ಮೋಸ ಮಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಗೋಗರೆದ ಮೇಲೆ, ಎರಡನೇ ಸಲ ಕಾಸದ ಒಂದನ್ನು ಮುಖ ಆಚೆ ತಿರುಗಿಸಿಕೊಂಡೇ ಕೊಟ್ಟರು. “ಒಡದ್ರ ನನ್ನ ಹೆಸರ ಹೇಳಬ್ಯಾಡ್ರಿ.”

ದೀಪಾವಳಿಯ ಹಿಂದಿನ ದಿನ, ಮೂರನೇ ಕಿಕ್ಕಿಗೆ ಗಾಡಿ ಚಾಲೂ ಆಯಿತು. ಹಿತ್ತಲೆಲ್ಲ ಹೊಗೆ. ಕೈಕಟ್ಟಿ ನಿಂತಿದ್ದ ತಮ್ಮ ಹತ್ತಿ ಕೂತು ಸವಡಿ ರಸ್ತೆ ಹಿಡಿದ.

ಒಂದು ತಾಸಾದರೂ ಬರಲಿಲ್ಲ. ಬಾಗಿಲಲ್ಲಿ ನಿಂತು ಅವನನ್ನೂ ಗಾಡಿಯನ್ನೂ ಬೈದೆ. ಆಮೇಲೆ ತಳ್ಳಿಕೊಂಡು ಬಂದ. ಅಂಗಿ ಬೆವರಿನಿಂದ ತೊಯ್ದಿತ್ತು. ಅಂಗೈಯಲ್ಲಿ ಅಯಸ್ಕಾಂತದ ಎರಡು ತುಂಡು. ಗುಜರಿಯ ಮಾತು ಕೇಳಲು ನಾನು ಹಲ್ಲು ಕಚ್ಚಿ ನಿಂತೆ.

“ತೆಗ್ಗಿನ್ಯಾಗ ಎಗರಿದ ಕೂಡ್ಲೇ ಒಡೀತಕ್ಕಾ,” ಎಂದ. ತುಂಡುಗಳನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡ. “ಇನ್ನೊಂದ ಮಾಡಸು. ಒಂದ ಬ್ಯಾಡ, ಎರಡ ಮಾಡಸು.”