ನೋಡಿ ಬರುವ ಸಾಹೇಬರು

ಆ ಶುಕ್ರವಾರ ಬೀದರಿನಿಂದ ಔರಾದಿಗೆ ಹೊರಟಾಗ ಸಾಹೇಬರು ಎಂದಿನಂತೆ ಜೀಪಿನಲ್ಲಿ ನನ್ನ ಪಕ್ಕವೇ ಕುಳಿತರು. ಜಿಲ್ಲೆಯ ಪಟ್ಟಣಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಜನ ಬೇಕೆಂದು ಲೆಕ್ಕ ಹಾಕಿ ಸರ್ಕಾರಕ್ಕೆ ಬರೆಯುವುದು ಅವರ ಕೆಲಸ. ನಾನು ಡ್ರೈವರ್. ವಯಸ್ಸಿನಲ್ಲಿ ಹಿರಿಯನೆಂದು ನನ್ನನ್ನು ಕಾಕಾ ಎನ್ನುತ್ತಿದ್ದರು. ಕಾಗದದಲ್ಲಿ ಎಲ್ಲ ಸರಿಯಿದ್ದರೂ, "ಒಮ್ಮಿ ನೋಡಿ ಬರಮು ಕಾಕಾ" ಎನ್ನುವರು. ಭಾಲ್ಕಿಯಲ್ಲಿ ನೀರು ಬಿಡುವವನ ಹಿಂದೆ ಊರೆಲ್ಲ ಸುತ್ತಿ ಚಪ್ಪಲಿ ಹರಿದುಕೊಂಡಿದ್ದರು.

ಔರಾದಿನ ಒಂದು ಏರುಗಲ್ಲಿಯ ಕಸ ಒಯ್ಯಲು ಒಬ್ಬಳೇ ಹೆಂಗಸು ಸಾಕೆಂದು ಕಾಗದದ ಲೆಕ್ಕ ಹೇಳುತ್ತಿತ್ತು. ಸಾಹೇಬರು ಕನ್ನಡಕ ತೆಗೆದು ಜೇಬಿಗಿಟ್ಟು, ಅಲ್ಲಿದ್ದ ಆ ಹೆಂಗಸಿನ ತುಂಬಿದ ಕಸದ ಗಾಡಿಯನ್ನು ತಾವೇ ತಳ್ಳಿದರು. ಅರ್ಧ ಏರಿನಲ್ಲಿ ನಿಂತುಬಿಟ್ಟರು.

"ಯಾಕ್ರಿ ಸಾಹೇಬ್ರ, ಮುಂಜಾನಿ ಉಂಡಿಲ್ಲೇನ್ರಿ?" ಎಂದು ಅವಳು ನಕ್ಕಳು.

"ದಿನಾ ಹ್ಯಾಂಗ ಏರಸ್ತಿ ಅಕ್ಕಾ?"

"ಏರಸ್ಬೇಕಲ್ರಿ. ಮತ್ಯಾರ ಬರ್ತಾರ?"

"ಇನ್ನೊಬ್ಬರು ಬೇಕು ಇಲ್ಲಿ. ಸೋಮವಾರ ಬರೀತೇನಿ."

ಭಾನುವಾರ ಎದೆನೋವು ಬಂದು ಅವರು ಹೋಗಿಬಿಟ್ಟರು.

ಅವರ ಜಾಗಕ್ಕೆ ಬಂದವರಿಗೆ ನಾನು ಆ ಏರಿನ ಸಂಗತಿ ಹೇಳಿದೆ. "ಅವರು ಬರದಿಟ್ಟಿಲ್ಲ. ನಿಮ್ಮ ಮಾತಿನ ಮ್ಯಾಲ ಸರ್ಕಾರಕ್ಕ ಹ್ಯಾಂಗ ಕೇಳ್ಲಿರಿ?" ಎಂದರು.

ಔರಾದಿನ ಆ ಗಾಡಿಗೆ ಎರಡನೆಯ ಆಳು ಇನ್ನೂ ಬಂದಿಲ್ಲ.