ಸೀರೆಯುಟ್ಟು ಬಂದ ಪೊಲೀಸಮ್ಮ

ಮಾವಿನಹಣ್ಣಿನ ಬಣ್ಣದ ಕಾಟನ್ ಸೀರೆ, ಅದರ ಅಂಚಿನ ಕೆಳಗೆ ಪಾಲಿಶ್ ಮಾಡಿದ ಕಂದು ಬಣ್ಣದ ಬೂಟು. ನಮ್ಮ ಗೇಟಿನ ಹತ್ತಿರ ನಿಂತಿದ್ದ ಆ ಹೆಂಗಸಿನಲ್ಲಿ ನಾನು ಮೊದಲು ನೋಡಿದ್ದು ಅದನ್ನೇ. ಸೆರಗನ್ನು ಅವಸರದಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಮುಖವೆಲ್ಲ ಬಿಸಿಲಿಗೆ ಕಂದಿದ್ದರೂ ಹಣೆಯ ಮೇಲ್ಭಾಗದಲ್ಲಿ, ಟೋಪಿ ಕೂರುವ ಕಡೆ, ಒಂದು ಬೆರಳಿನಗಲ ಬಿಳಿಚಿಕೊಂಡಿತ್ತು. ಎದುರು ಮನೆಯವರು ಯಾರು ಏನು ಎಂದು ವಿಚಾರಿಸಿದ್ದಕ್ಕೆ ಮಹಿಳಾ ಸಂಘದಿಂದ ಬಂದಿದ್ದೇನೆ ಎಂದು ನಗುನಗುತ್ತ ಹೇಳಿದರು. ಒಳಗೆ ಬಂದು ಬಾಗಿಲು ಮುಂದೆ ಮಾಡಿದ ಮೇಲೆಯೇ ಕಾರ್ಡು ತೆಗೆದು ತೋರಿಸಿದ್ದು. ಪೊಲೀಸ್ ಇಲಾಖೆಯ ಹೆಡ್ ಕಾನ್‌ಸ್ಟೇಬಲ್.

ಆ ಸೀರೆಯ ವಿಷಯ ಆಮೇಲೆ ತಿಳಿಯಿತು. ಠಾಣೆಯ ಬೀರುವಿನಲ್ಲಿ ಅವರು ಸದಾ ಎರಡು ಸೀರೆ ಮಡಿಸಿ ಇಟ್ಟಿರುತ್ತಿದ್ದರು. ಇಂಥ ಕೆಲಸಕ್ಕೆ ಖಾಕಿಯಲ್ಲಿ ಹೋಗುತ್ತಿರಲಿಲ್ಲ. "ಖಾಕಿ ಕಂಡ್ರೆ ಇಡೀ ಬೀದಿನೇ ಬಾಗ್ಲಿಗೆ ಬರ್ತದೆ ಕಣಮ್ಮ. ನಾನು ಎದ್ದು ಹೋದ್ಮೇಲೂ ಆ ಮನೆಯವ್ರು ಅಲ್ಲೇ ಬದುಕ್ಬೇಕಲ್ವಾ?" ಎನ್ನುತ್ತಿದ್ದರು. ಹಾಗಾದರೆ ಬೂಟು? ಸೀರೆ ಸುತ್ತಿಕೊಳ್ಳಲು ಮೂರು ನಿಮಿಷ ಸಾಕು, ಲೇಸು ಬಿಚ್ಚುತ್ತಾ ಕೂರಲು ಪುರುಸೊತ್ತು ಯಾರು ಕೊಡುತ್ತಾರೆ ಎಂದು ನಗುತ್ತಿದ್ದರು.

ಅವರು ಬಂದಿದ್ದು ನನ್ನ ನಾದಿನಿಯ ವಿಷಯಕ್ಕೆ. ನಮ್ಮ ಯಜಮಾನರ ಕೊನೆಯ ತಂಗಿ. ಊರು ಚೇಳೂರು. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸ, ಅಲ್ಲೇ ಹತ್ತಿರದಲ್ಲಿ ಬಾಡಿಗೆ ರೂಮು. ಆ ವರ್ಷ ಅವಳಿಗೆ ನಿಶ್ಚಿತಾರ್ಥವಾಗಿ ಮುರಿದುಬಿದ್ದಿತ್ತು. ಅದೊಂದೇ ಕಾರಣ ಎಂದು ಹೇಳಲಾರೆ. ಅದಕ್ಕೂ ಎಷ್ಟೋ ಮುಂಚಿನಿಂದ ಅವಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ನಮ್ಮ ಮನೆಗೆ ಬಂದರೂ ಅಡುಗೆ ಕಟ್ಟೆಗೆ ಒರಗಿ ಸುಮ್ಮನೆ ನಿಂತಿರುತ್ತಿದ್ದಳು. ಯಾರ ತಟ್ಟೆಯಲ್ಲಿ ಎಷ್ಟು ಮುದ್ದೆ ಉಳಿಯಿತು ಎನ್ನುವುದನ್ನೂ ಗಮನಿಸುವ ಸ್ವಭಾವ ನನ್ನದು. ಎಲ್ಲ ನೋಡಿದ್ದೆ, ಒಂದು ಮಾತೂ ಕೇಳಿರಲಿಲ್ಲ.

ಹಿಂದಿನ ಸಂಜೆ ಕುಕ್ಕರ್ ಕೂಗುವುದನ್ನೇ ಕಾಯುತ್ತ ಇನ್‌ಸ್ಟಾಗ್ರಾಂ ನೋಡುತ್ತಿದ್ದಾಗ ಅವಳ ಸ್ಟೋರಿ ಬಂತು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. 'ಇನ್ಮೇಲೆ ಯಾರಿಗೂ ತೊಂದರೆ ಕೊಡಲ್ಲ. ಎಲ್ಲರೂ ಕ್ಷಮಿಸಿ.' ನನ್ನ ಎದೆ ಧಸಕ್ಕೆಂದಿದ್ದು ನಿಜ. ಆದರೆ ಬರುವ ಭಾನುವಾರ ಕುಣಿಗಲ್ಲಿನಿಂದ ಅವಳನ್ನು ನೋಡಲು ಹೊಸ ಗಂಡಿನ ಕಡೆಯವರು ಬರುವವರಿದ್ದರು. ಆ ಹುಡುಗನ ಅಕ್ಕ ಆಗಲೇ ಇವಳನ್ನು ಫಾಲೋ ಮಾಡುತ್ತಿದ್ದಳು. ನಾನು ಬರೆದಿದ್ದು ಇಷ್ಟು: 'ಇದನ್ನ ಮೊದಲು ಡಿಲೀಟ್ ಮಾಡು. ಗಂಡಿನ ಕಡೆಯವರು ನೋಡ್ತಾರೆ.' ಕೊನೆಗೊಂದು ಕೈಮುಗಿದ ಚಿತ್ರ. ಆಮೇಲೆ ಮೂರನೇ ಕೂಗಿಗೆ ಗ್ಯಾಸ್ ಆರಿಸಿದೆ. ಬೆಳಿಗ್ಗೆ ಫೋನ್ ಮಾಡಿ ಬುದ್ಧಿ ಹೇಳಿದರಾಯಿತು ಎಂದುಕೊಂಡೆ. ಬೆಳಿಗ್ಗೆ ಅದನ್ನೂ ಮರೆತೆ.

ಎಲ್ಲೋ ದೂರದ ಆ ಇನ್‌ಸ್ಟಾಗ್ರಾಂ ಕಂಪನಿಯವರು ಅದೇ ಎರಡು ಸಾಲು ನೋಡಿ ಪೊಲೀಸರಿಗೆ ತಿಳಿಸಿದ್ದರು. ಅಲ್ಲಿಂದ ತುಮಕೂರಿಗೆ ಅವಳ ಫೋನ್ ನಂಬರು ಬಂದಿತ್ತು. ಅವಳು ಪಿಯುಸಿ ಮುಗಿಸಿದಾಗ ಆ ಸಿಮ್ಮನ್ನು ನನ್ನ ಆಧಾರ್ ಕಾರ್ಡಿನ ಮೇಲೆ ನಾನೇ ಕೊಡಿಸಿದ್ದೆ. ನಮ್ಮಂಥ ಮನೆಗಳಲ್ಲಿ ಯಾರ ಸಿಮ್ಮು ಯಾರ ಹೆಸರಿನಲ್ಲಿದೆ ಎಂದು ಯಾರಿಗೆ ನೆನಪಿರುತ್ತದೆ? ಹಾಗಾಗಿ ಹಿರೇಹಳ್ಳಿಗೆ ಹೋಗಬೇಕಾಗಿದ್ದ ಮೇಡಂ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದಿದ್ದರು.

ಈ ನಂಬರು ಯಾರ ಹತ್ತಿರ ಇದೆ ಎಂದು ಕೇಳಿದರು. ಆ ಸಿಮ್ಮು ಕಳೆದುಹೋಗಿ ವರ್ಷವಾಯಿತು ಎಂದೆ. ಯೋಚನೆ ಮಾಡಿ ಹೇಳಿದ ಸುಳ್ಳಲ್ಲ, ಬಾಯಿಗೆ ತಾನೇ ಬಂತು. ಪೊಲೀಸ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಕಂಡಿದ್ದು ಭಾನುವಾರ, ನಮ್ಮ ಅತ್ತೆಯ ಮುಖ, ಎದುರು ಮನೆಯ ಕಿಟಕಿ. ನಾದಿನಿ ಕಾಣಲಿಲ್ಲ. ಕಾನ್ವೆಂಟಿನಲ್ಲಿ ಹತ್ತು ವರ್ಷ ಸುಳ್ಳು ಹೇಳಬಾರದೆಂದು ಕಲಿತವಳು, ಎಷ್ಟು ಮೆತ್ತಗೆ, ಎಷ್ಟು ಮರ್ಯಾದೆಯಾಗಿ ಸುಳ್ಳು ಹೇಳಿದೆ ಎಂದರೆ, ಕೊನೆಗೆ 'ಸಾರಿ ಮೇಡಂ' ಎಂದೂ ಸೇರಿಸಿದೆ.

ಅವರು ದಬಾಯಿಸಲಿಲ್ಲ. ಕುರ್ಚಿ ಎಳೆದು ಕೂತು, ಇಂಥದ್ದಕ್ಕೆ ಈಗ ಕೇಸು ಗೀಸು ಏನೂ ಆಗುವುದಿಲ್ಲ, ಯಾರನ್ನೂ ಠಾಣೆಗೆ ಕರೆಯುವುದಿಲ್ಲ ಎಂದು ವಿವರಿಸಿದರು. ನಾನು ಕಾಫಿ ಮಾಡುತ್ತೇನೆ ಎಂದು ಒಳಗೆ ಎದ್ದು ಹೋದೆ. ಯಜಮಾನರಿಗೆ ಫೋನ್ ಮಾಡಿದೆ, ಅವರು ಎತ್ತಲಿಲ್ಲ. ಸಕ್ಕರೆ ಡಬ್ಬಿ ತೆಗೆದೆ, ಮುಚ್ಚಿದೆ. ಹಾಗೆ ಇಪ್ಪತ್ತು ನಿಮಿಷ ಕಳೆದೆ. ಗೋಡೆ ಗಡಿಯಾರ ಎದುರಿಗೇ ಇತ್ತು.

ಕೊನೆಗೆ ಅವರೇ ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

"ಕಾಫಿ ಬೇಡ. ಆ ಹುಡುಗೀನ ಕಣ್ಣಲ್ಲಿ ನೋಡೋವರ್ಗೂ ನಂಗೆ ಏನೂ ಇಳಿಯಲ್ಲ. ಫೋನ್ ಆಫ್ ಆಗೈತೆ. ಟವರ್ ಹಿರೇಹಳ್ಳಿ ಕಡೆ ತೋರಿಸ್ತದೆ, ಅಲ್ಲಿ ಎಷ್ಟ್ ರೂಮ್ ಅವೆ ಅಂತ ನಿಮಗೆ ಗೊತ್ತು. ನಂಗೆ ಬೇಕಾಗಿರೋದು ಒಂದು ಬಾಗ್ಲು. ಅದು ಯಾವ್ದು ಅಂತ ನಿಮಗೆ ಗೊತ್ತೈತೆ."

ಆಗ ಹೇಳಿದೆ.

ಆಮೇಲಿನದೆಲ್ಲ ಅವರ ಕೈಯಲ್ಲಿತ್ತು. ರಸ್ತೆ ತಿರುವಿನಲ್ಲಿ ಕಾರನ್ನೂ ಡ್ರೈವರನ್ನೂ ನಿಲ್ಲಿಸಿ ಬಂದಿದ್ದರು. ಕಾರು ಹತ್ತುವಾಗಲೇ ನಾದಿನಿಯ ರೂಮಿನ ಓನರ್ ಹೆಂಡತಿಗೆ ನನ್ನಿಂದ ಫೋನ್ ಮಾಡಿಸಿದರು. ಏನು ಹೇಳಬೇಕೆಂದೂ ಹೇಳಿಕೊಟ್ಟರು. ಮೇಲಿನ ರೂಮಿಗೆ ಹೋಗಿ, ಕರಿಬೇವು ಇದೆಯಾ ಅಂತಲೋ ಏನೋ ಒಂದು ಕೇಳಿ, ನಾವು ಬರುವ ತನಕ ಅಲ್ಲೇ ಮಾತಾಡಿಸುತ್ತಾ ನಿಂತಿರಬೇಕು, ಗಾಬರಿ ಮಾಡಬಾರದು. ಐದು ನಿಮಿಷಕ್ಕೆ ಆಕೆ ವಾಪಸು ಫೋನ್ ಮಾಡಿದರು. ಒಳಗಿದ್ದಾಳೆ, ಹೂಂ ಅನ್ನುತ್ತಾಳೆ, ಬಾಗಿಲು ತೆಗೆಯುತ್ತಿಲ್ಲ. "ಹೂಂ ಅಂತಾಳಲ್ಲ, ಸಾಕು. ಹೂಂ ಅನ್ನಿಸ್ತಾನೇ ಇರಿ" ಎಂದರು ಮೇಡಂ.

ಕ್ಯಾತ್ಸಂದ್ರ ದಾಟುವಾಗ ನಾನು ಫೋನ್ ತೆಗೆದು ಹಿಂದಿನ ದಿನದ ನನ್ನ ಮೆಸೇಜನ್ನು ತೋರಿಸಿದೆ. ಅವರು ಓದಿ, ಫೋನನ್ನು ನನ್ನ ಮಡಿಲಿನಲ್ಲಿ ಇಟ್ಟರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೇಲಿನ ರೂಮಿನ ಬಾಗಿಲ ಮುಂದೆ ನಾನು ಅವಳ ಹೆಸರು ಹಿಡಿದು ಕೂಗಲು ಹೋದೆ. ಮೇಡಂ ತಡೆದರು. ಬಾಗಿಲಿಗೆ ಬಾಯಿ ಹತ್ತಿರ ಮಾಡಿ, ದಣಿದ ದನಿಯಲ್ಲಿ, "ಮಗಾ, ಮೆಟ್ಲು ಹತ್ತಿ ಏದುಸಿರು ಬರ್ತಾ ಅದೆ. ಒಂದ್ ಲೋಟ ನೀರು ಕೊಡ್ತೀಯಾ?" ಎಂದು ಕೇಳಿದರು. ಒಳಗೆ ನೀರು ಬಗ್ಗಿಸಿದ ಸದ್ದಾಯಿತು. ಆಮೇಲೆ ಚಿಲಕ ಸರಿಯಿತು. ನಾದಿನಿ ಸ್ಟೀಲ್ ಲೋಟ ಹಿಡಿದು ನಿಂತಿದ್ದಳು. ಅವಳ ಕಣ್ಣು ಊದಿತ್ತು. ಅವಳಿಗೇನೂ ಆಗಿರಲಿಲ್ಲ.

ಮೇಡಂ ನಿಧಾನವಾಗಿ ಪೂರ್ತಿ ನೀರು ಕುಡಿದರು. ಏಕೆ ಹೀಗೆ ಬರೆದೆ ಎಂದು ಕೇಳಲೇ ಇಲ್ಲ. ತಿಂಡಿ ಆಯಿತಾ, ನಿನ್ನೆ ಏನು ತಿಂದೆ, ನಿದ್ದೆ ಬಂತಾ ಎಂದು ಒಂದೊಂದಾಗಿ ವಿಚಾರಿಸಿದರು. ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಆ ಮೆಸೇಜು ಓದಿದ್ದಾಳೆ ಎಂದು ನನಗೆ ಗೊತ್ತಾಯಿತು. ಮೇಡಂಗೂ ಗೊತ್ತಾಗಿರಬೇಕು. ಲೋಟ ಕೆಳಗಿಟ್ಟು, ತೀರಾ ಸಹಜವಾಗಿ ಹೇಳಿದರು.

"ನಿಮ್ಮತ್ತಿಗೆ ಅದೇನೋ ಅವಸರದಲ್ಲಿ ಬರ್ದ್‌ಬುಟ್ರಂತೆ. ಮನಸ್ಸು ತಡೀಲಿಲ್ಲ, ಬೆಳಿಗ್ಗೆ ಎದ್ದು ಸ್ಟೇಷನ್‌ಗೆ ಅವ್ರೇ ಫೋನ್ ಮಾಡಿದ್ರು. ಇಲ್ದಿದ್ರೆ ನಂಗೆ ನಿನ್ ಬಾಗ್ಲು ಹೆಂಗ್ ಗೊತ್ತಾಯ್ತಿತ್ತು ಹೇಳು?"

ನಾದಿನಿ ಆಗ ನನ್ನನ್ನು ನೋಡಿದಳು. "ಅತ್ತಿಗೇನಾ?" ಎಂದಳು. ಮರುಕ್ಷಣ ನನ್ನ ಹೆಗಲ ಮೇಲೆ ಬಿದ್ದು ಅಳತೊಡಗಿದಳು. "ನೀವು ನನ್ ಬಗ್ಗೆ ಯೋಚ್ನೆ ಮಾಡಲ್ಲ ಅಂದ್ಕೊಂಡಿದ್ದೆ. ಥ್ಯಾಂಕ್ಸ್ ಅತ್ತಿಗೆ" ಎಂದು ಎಷ್ಟು ಸಲ ಹೇಳಿದಳೋ. ಅವಳ ತಲೆಯ ಮೇಲಿಂದ ಮೇಡಂ ನನ್ನನ್ನೇ ನೋಡುತ್ತಿದ್ದರು. ನಾನು ಕಣ್ಣು ತಗ್ಗಿಸಿದೆ.

ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಅವಳನ್ನು ಕರೆದುಕೊಂಡು ಹೋಗಿದ್ದೂ ಅವರೇ. ಸಾಲಿನಲ್ಲಿ ಕೂತಾಗ ನೀವು ಯಾರಾಗಬೇಕು ಎಂದು ಯಾರೋ ಕೇಳಿದ್ದಕ್ಕೆ ಇವಳ ದೊಡ್ಡಮ್ಮ ಎಂದರು. ಆಮೇಲೆ ಪ್ರತಿ ತಿಂಗಳೂ ಒಮ್ಮೆ ಅವಳನ್ನು ನೋಡಲು ಹೋಗುತ್ತಿದ್ದರು. ಫೋನು ಮಾಡಿದರೆ ಸಾಲದೇ ಎಂದು ಒಮ್ಮೆ ಕೇಳಿದೆ. "ಫೋನಲ್ಲಿ ಎಲ್ರೂ ಚೆನ್ನಾಗೇ ಇರ್ತಾರೆ ಬುಡಿ" ಎಂದರು. ನಾದಿನಿಗೆ ಅವರ ಬರುವಿಕೆ ಕಿರಿಕಿರಿಯಾಗುತ್ತಿತ್ತು. ಎರಡು ಮಾತಾಡಿ ಒಳಗೆ ಹೋಗಿಬಿಡುತ್ತಿದ್ದಳು. ಪೊಲೀಸರು, ಡ್ಯೂಟಿಗೆ ಬರುತ್ತಾರೆ, ಸಹಿ ಹಾಕಿಕೊಂಡು ಹೋಗುತ್ತಾರೆ ಎಂಬುದು ಅವಳ ಲೆಕ್ಕ. ಅವಳ ಪ್ರೀತಿಯೆಲ್ಲ ನನ್ನ ಕಡೆಗೆ ತಿರುಗಿತ್ತು. ಭಾನುವಾರದ ಗಂಡಿನ ಕಡೆಯವರಿಗೆ ಬರಬೇಡಿ ಎಂದು ನಾನೇ ಫೋನ್ ಮಾಡಿ ಹೇಳಿದ್ದೆ. ಅಷ್ಟು ಮಾತ್ರ ನಿಜವಾಗಿ ನಾನು ಮಾಡಿದ್ದು.

ಒಂದು ದಿನ ನಮ್ಮ ಮನೆಗೆ ಬಂದ ಮೇಡಂಗೆ ಕಾಫಿ ಕೊಟ್ಟು, ಏಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ನೀವು ಬೆಳಿಗ್ಗೆ ಒಂದು ಸುಳ್ಳು ಹೇಳಿದಿರಿ, ನಾನು ಮಧ್ಯಾಹ್ನ ಒಂದು ಹೇಳಿದೆ ಎಂದು ಮೊದಲು ತಮಾಷೆ ಮಾಡಿದರು. ಆಮೇಲೆ ಲೋಟ ಕೆಳಗಿಟ್ಟರು.

"ನಿಮ್ ಮರ್ಯಾದೆ ಉಳಿಸೋಕೆ ಹೇಳಿದ್ದಲ್ಲ. ಪೊಲೀಸ್ನೋರು ಹುಡುಕ್ಕೊಂಡ್ ಬಂದ್ರು ಅಂದ್ರೆ ಅವ್ಳಿಗೆ ಹೆದ್ರಿಕೆ. ಮನೆಯವ್ರು ಹುಡುಕ್ಸಿದ್ರು ಅಂದ್ರೆ ನಾಳೆ ಬೆಳಿಗ್ಗೆ ಎದ್ದೇಳೋಕೆ ಅದೊಂದು ಆಸರೆ. ಅವ್ಳು ಗಟ್ಟಿ ಆದ್ಮೇಲೆ ನಿಜ ಹೇಳ್ಬುಡಿ. ಅಲ್ಲೀವರ್ಗೂ ನೀವೇ ಹೊತ್ಕೊಳಿ."

ಮೂರು ವರ್ಷ ಹೊತ್ತೆ. ನಾದಿನಿ ಗಟ್ಟಿಯಾದಳು. ಚಿಕಿತ್ಸೆ ಪಡೆದಳು, ಗುಬ್ಬಿಯಲ್ಲಿ ಬೇರೆ ಕೆಲಸಕ್ಕೆ ಸೇರಿದಳು, ಮೊದಲಿನಂತೆ ನನ್ನ ಅಡುಗೆಯನ್ನು ಆಡಿಕೊಳ್ಳತೊಡಗಿದಳು. ಮದುವೆ ಮುಂಜಿಗಳಲ್ಲಿ ನಮ್ಮ ಅತ್ತೆ ನನ್ನ ಕೈ ಹಿಡಿದು, ನನ್ನ ಮಗಳು ಉಳಿದಿದ್ದು ಇವಳಿಂದ ಎಂದು ನೆಂಟರಿಗೆ ಹೇಳುತ್ತಿದ್ದರು. ನಾನು ಎಲೆಗೆ ಉಪ್ಪು ಬಡಿಸುವ ನೆಪದಲ್ಲಿ ಅಲ್ಲಿಂದ ಸರಿಯುತ್ತಿದ್ದೆ. ಅದನ್ನೂ ಜನ ವಿನಯ ಎಂದುಕೊಂಡರು. ಮೇಡಂ ಸಿಕ್ಕಾಗಲೆಲ್ಲ, ಹೇಳಿದಿರಾ ಎಂದು ಕೇಳುತ್ತಿದ್ದರು. ಇನ್ನು ಸ್ವಲ್ಪ ದಿನ ಮೇಡಂ ಎನ್ನುತ್ತಿದ್ದೆ. ಅವಳು ಗಟ್ಟಿಯಾಗಿದ್ದಾಳೆ ಎಂದು ಇಬ್ಬರಿಗೂ ಗೊತ್ತಿತ್ತು. ಆ ಪ್ರೀತಿ ಬಿಟ್ಟುಕೊಡಲು ನನಗೇ ಮನಸ್ಸಿರಲಿಲ್ಲ.

ಕಳೆದ ಅವರೆಕಾಯಿ ಕಾಲದಲ್ಲಿ ಮೇಡಂ ತೀರಿಕೊಂಡರು. ಲಿವರ್ ತೊಂದರೆಯಂತೆ, ಯಾರಿಗೂ ಹೇಳಿರಲಿಲ್ಲ. ಅವರ ಊರು ಕುಣಿಗಲ್ ಪಕ್ಕದ ಹಳ್ಳಿ. ಸುದ್ದಿಯನ್ನು ನಾದಿನಿಗೂ ತಿಳಿಸಿದ್ದೆ, ಆದರೆ ಹನ್ನೊಂದನೇ ದಿನದ ಕಾರ್ಯಕ್ಕೆ ನಾನೊಬ್ಬಳೇ ಹೋಗಿ ಬಂದೆ. ನೀವು ಯಾರಾಗಬೇಕು ಎಂದು ಅವರ ತಂಗಿ ಕೇಳಿದರು. ಏನು ಹೇಳಲಿ? ಪರಿಚಯದವರು ಎಂದೆ.

ಮಾರನೆಯ ದಿನ ನಾದಿನಿ ಮನೆಗೆ ಬಂದಿದ್ದಳು. ಇಬ್ಬರೂ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ಆಗ ಹೇಳಿದೆ. ಸಿಮ್ಮು ಕಳೆದಿದೆ ಎಂದಿದ್ದು, ಇಪ್ಪತ್ತು ನಿಮಿಷ, ಯಾವ ಠಾಣೆಗೂ ಫೋನ್ ಮಾಡದೇ ಇದ್ದದ್ದು, ಎಲ್ಲ. ತಲೆ ಎತ್ತದೆ ಹೇಳಿದೆ. ಅವಳ ಬೆರಳು ನಿಂತಿದ್ದು ಮಾತ್ರ ಕಂಡಿತು. ಬೈಯಲಿ, ಎದ್ದು ಹೋಗಲಿ ಎಂದು ಕಾದೆ.

"ಹಾಗಾದ್ರೆ ಅವತ್ತು ನನ್ನ ಹುಡುಕ್ಕೊಂಡು ಬಂದಿದ್ದು ಅವ್ರೊಬ್ರೇನಾ?"

"ಹೂಂ ಕಣೇ."

ಅವಳು ಕೈಯಲ್ಲಿದ್ದ ಕಾಳನ್ನು ಹಿತುಕದೆ ಹಾಗೆಯೇ ಹಿಡಿದುಕೊಂಡಿದ್ದಳು. ನನ್ನ ಮೇಲೆ ಸಿಟ್ಟು ಬಂದ ಹಾಗೂ ಕಾಣಲಿಲ್ಲ. ನನಗೆ ಹೇಳುತ್ತಿದ್ದಾಳೋ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೋ ತಿಳಿಯದ ಹಾಗೆ ಅಂದಳು:

"ಬಂದಾಗೆಲ್ಲ ಮುಖ ಕೊಟ್ಟು ಮಾತಾಡ್ಲಿಲ್ಲ ನಾನು. ಥ್ಯಾಂಕ್ಸ್ ಎಲ್ಲಾ ನಿಮಗೇ ಹೇಳ್ಬಿಟ್ಟೆನಲ್ಲ ಅತ್ತಿಗೆ."