ಕೋಟೆ ಬಾಗಿಲ ಹೊರಗಿನ ಪಂಜಿನವನು

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ. ವಡೋದರಾ ಹತ್ತಿರದ ಕೊಯಾಲಿ ತೈಲ ಶುದ್ಧೀಕರಣಾಗಾರದ ಸ್ಟಾಫ್ ಟೌನ್‌ಶಿಪ್ಪಿನಲ್ಲಿ ಆಗ ಕಂಪ್ಯೂಟರ್ ಇದ್ದ ಮನೆಗಳು ಕಡಿಮೆ. ತಂದ ದಿನವೇ ನಾನು ಅದಕ್ಕೊಂದು ವೇಳಾಪಟ್ಟಿ ಮಾಡಿದೆ. ಸಂಜೆ ಕ್ಲಬ್ಬಿನಲ್ಲಿ ಟೇಬಲ್ ಟೆನಿಸ್ ಅಭ್ಯಾಸ, ಬಂದು ಕೈಕಾಲು ತೊಳೆದು ಪಾಠ, ಆಮೇಲೆ ಅರ್ಧ ಗಂಟೆ ಆಟ. ಆಟ ಮುಗಿದ ಮೇಲೆ ಪೆಟ್ಟಿಗೆಗೆ ಬಟ್ಟೆ ಹೊದಿಸಬೇಕು. ಕಂಟ್ರೋಲ್ ರೂಮಿನಲ್ಲಿ ವರ್ಷಗಟ್ಟಲೆ ಶಿಫ್ಟ್ ಮಾಡಿದವನಿಗೆ ಮನೆಯೂ ಗಡಿಯಾರದಂತೆ ನಡೆದರೇನೇ ಸಮಾಧಾನ.

ವಡೋದರಾದ ಫತೇಗಂಜಿನ ಹಾಸ್ಟೆಲ್ಲಿನಲ್ಲಿದ್ದ ಗೆಳತಿಯ ಅಕ್ಕನಿಂದ ಮಗಳು ಒಂದು ಆಟವನ್ನು ಫ್ಲಾಪಿಗೆ ಹಾಕಿಸಿಕೊಂಡು ಬಂದಳು. ಅದರಲ್ಲಿ ಇಬ್ಬರು. ಕತ್ತಿ ಹಿಡಿದ ಹುಡುಗಿ ಒಬ್ಬಳು, ಪಂಜು ಹಿಡಿದ ಗಂಡಸು ಒಬ್ಬ. ನಮ್ಮ ಕೈಗೆ ಸಿಗುವವನು ಪಂಜಿನವನು. ಕೀಲಿ ಒತ್ತಿದರೆ ಅವನು ನಡೆಯುತ್ತಾನೆ, ಹುಡುಗಿ ಅವನ ಬೆಳಕಿನಲ್ಲಿ ತನ್ನಷ್ಟಕ್ಕೆ ನಡೆಯುತ್ತಾಳೆ. ಹಳ್ಳ ದಾಟಿಸಬೇಕು, ಮುಳ್ಳು ಸರಿಸಬೇಕು, ಪಂಜಿಗೆ ಎಣ್ಣೆ ಹುಡುಕಬೇಕು. ಕೊನೆಗೆ ಒಂದು ಕೋಟೆ. ಅಲ್ಲಿ ಹುಡುಗಿ ಒಬ್ಬಳೇ ಒಳಗೆ ಹೋಗುತ್ತಾಳೆ, ಪಂಜಿನವನು ಬಾಗಿಲ ಹೊರಗೆ ನಿಲ್ಲುತ್ತಾನೆ. ಒಳಗಿನ ಕಾಳಗ ನಮಗೆ ಕಾಣುವುದಿಲ್ಲ, ಪೆಟ್ಟಿಗೆಯಿಂದ ಕೀಚು ಕೀಚು ಸದ್ದು ಮಾತ್ರ ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಕುಂಟುತ್ತ ಹೊರಗೆ ಬಂದು, "ಮುಗಿಯಿತು, ಹೋಗೋಣ" ಎನ್ನುತ್ತಾಳೆ. ಆಟವೂ ಅಲ್ಲಿಗೆ ಮುಗಿಯುತ್ತದೆ.

"ಅವನು ಯಾಕೆ ಒಳಗೆ ಹೋಗಲ್ಲ?" ಎಂದು ಕೇಳಿದೆ.

"ಅವನ ಕೆಲಸ ಪಂಜು ಹಿಡಿಯೋದು ಅಪ್ಪಾ. ಸ್ಟೋರಿ ಅವಳದು."

"ಆಡ್ತಿರೋಳು ನೀನು. ಹೀರೋ ನೀನಲ್ವಾ?"

"ಅಲ್ಲ. ಅದೇ ಮಜಾ. ನಿಮಗೆ ಗೊತ್ತಾಗಲ್ಲ ಬಿಡಿ, ನೀವು ಶಿಫ್ಟ್ ಇನ್‌ಚಾರ್ಜ್."

"ಮನೇಲೂ ಅವರೇ ಇನ್‌ಚಾರ್ಜ್," ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ಒಂದು ಭಾನುವಾರ ನಾನೇ ಕುಳಿತು ಆಡಿದೆ. ಪಂಜಿನವನು ನನಗೆ ಹಿಡಿಸಿದ್ದ. ಕೋಟೆಯ ಬಾಗಿಲಿಗೆ ಬಂದ ಮೇಲೆ ಕೀಲಿಮಣೆಯಿಂದ ಕೈ ತೆಗೆದು ಕಟ್ಟಿಕೊಂಡು ಕುಳಿತೆ. ಮಗಳು ಪಕ್ಕದಲ್ಲಿ ನಿಂತು ನಗುತ್ತಿದ್ದಳು.

"ಅಪ್ಪಾ, ಸುಮ್ಮನೆ ಯಾಕೆ ಕೂತ್ರಿ? ಸ್ವಲ್ಪ ಆ ಕಡೆ ಈ ಕಡೆ ಓಡಾಡಿಸಿ ಅವನನ್ನ."

"ಜಾಗ ಬಿಡಬಾರದು. ಅವಳು ಬರೋವರೆಗೂ ಅವನು ಅಲ್ಲೇ ಇರಬೇಕು."

ಇದು ನಮ್ಮ ಕೆಲಸದ ಮೊದಲ ಪಾಠ. ಮುಂದಿನ ಪಾಳಿಯ ರಿಲೀವರ್ ಬಂದು, ಕಂಟ್ರೋಲ್ ಪ್ಯಾನೆಲ್ ಪೂರ್ತಿ ನೋಡಿ, "ಚಾರ್ಜ್ ತಗೊಂಡೆ" ಎಂದು ಬಾಯಿಬಿಟ್ಟು ಹೇಳುವ ತನಕ ಪಾಳಿಯವನು ಕುರ್ಚಿ ಬಿಡುವಂತಿಲ್ಲ. ಗಂಟೆ ಎಷ್ಟೇ ಆಗಿರಲಿ, ಮನೆಯಲ್ಲಿ ಏನೇ ಇರಲಿ. ಹಾಗೆಯೇ ಪಾಳಿಯವರಲ್ಲಿ ಇನ್ನೊಂದು ರೂಢಿ ಇತ್ತು. ಒಬ್ಬನಿಗೆ ಅಗತ್ಯ ಬಿದ್ದರೆ ಇನ್ನೊಬ್ಬ ಮೊದಲೇ ಬಂದು ಬಿಡಿಸುತ್ತಿದ್ದ. ಮುಂದೊಂದು ದಿನ ಇವನು ಅವನಿಗೆ ಹಾಗೇ ಮಾಡುತ್ತಿದ್ದ.

ಆ ಚಳಿಗಾಲದಲ್ಲಿ ಮಗಳು ಸೂರತ್ತಿನಲ್ಲಿ ನಡೆದ ಜೂನಿಯರ್ ಪಂದ್ಯಾವಳಿಯ ಫೈನಲ್ಲಿಗೆ ಬಂದಳು. ಗೆದ್ದವರಿಗೆ ರಾಜ್ಯ ತಂಡದಲ್ಲಿ ಜಾಗ. ಟೇಬಲ್ ಟೆನಿಸ್ಸಿನಲ್ಲಿ ಸೂರತ್ತಿನ ಹುಡುಗಿಯರನ್ನು ಅವರ ಊರಲ್ಲೇ ಸೋಲಿಸುವುದು ಸಣ್ಣ ಮಾತಲ್ಲ. ಅವಳು ತಾಯಿಯೊಂದಿಗೆ ಮೊದಲೇ ಹೋಗಿದ್ದಳು. ಹೊರಡುವಾಗ ಒಂದೇ ಮಾತು ಕೇಳಿದ್ದಳು.

"ಫೈನಲ್‌ಗೆ ಬಂದ್ರೆ ನೀವು ಬರ್ತೀರಾ? ನನ್ನ ಮ್ಯಾಚ್ ಒಂದೂ ನೋಡಿಲ್ಲ ನೀವು."

"ಬರ್ತೀನಿ."

ನಾನು ಅಭ್ಯಾಸಕ್ಕೆ ಬಿಡುತ್ತಿದ್ದೆ, ಕರೆತರುತ್ತಿದ್ದೆ, ಬ್ಯಾಟಿನ ರಬ್ಬರ್ ಅಂಟಿಸಿ ಕೊಡುತ್ತಿದ್ದೆ. ಪಂದ್ಯಗಳು ಮಾತ್ರ ಯಾವಾಗಲೂ ನನ್ನ ಪಾಳಿಯ ಹೊತ್ತಿಗೇ ಬೀಳುತ್ತಿದ್ದವು.

ಫೈನಲ್ ಇಳಿಮಧ್ಯಾಹ್ನಕ್ಕಿತ್ತು, ಸೂರತ್ತಿಗೆ ರೈಲಿನಲ್ಲಿ ಎರಡು ಗಂಟೆ ದಾರಿ. ನನ್ನದು ಬೆಳಗಿನ ಪಾಳಿ. ಎರಡನೆಯ ಪಾಳಿಯ ಗುಜರಾತಿ ಮಿತ್ರ, "ನಾನು ಊಟದ ಹೊತ್ತಿಗೇ ಬಂದು ಬಿಡಿಸ್ತೀನಿ, ನೀವು ಹೊರಡಿ" ಎಂದಿದ್ದ. ಅವನು ಮಾತು ತಪ್ಪುವವನಲ್ಲ. ಆ ದಿನ ಅವನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು, ಅವರನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಊಟದ ಹೊತ್ತಾಯಿತು, ಪಾಳಿ ಮುಗಿಯುವ ಸೈರನ್ನೂ ಆಯಿತು, ಅವನು ಬರಲಿಲ್ಲ. ಬದಲಿ ಹುಡುಕುತ್ತಿದ್ದೇವೆ ಎಂದು ಆಫೀಸಿನಿಂದ ಹೇಳಿಕಳಿಸಿದರು. ಜೊತೆಯಲ್ಲಿದ್ದ ಕಿರಿಯ ಆಪರೇಟರ್ ಹಿಂದಿಯಲ್ಲಿ, "ಸಾಹೇಬ್, ಎಲ್ಲಾ ಸ್ಟೆಡಿ ಇದೆ, ನಾನು ನೋಡ್ಕೋತೀನಿ, ಹೋಗಿ" ಎಂದ. ಅವನ ಮೇಲೆ ನಂಬಿಕೆ ಇಲ್ಲದೆ ಅಲ್ಲ. ಆದರೂ ನಾನು ಕುರ್ಚಿ ಬಿಡಲಿಲ್ಲ. ಈಗ ಕೇಳಿದರೂ ಬಿಡುವುದಿಲ್ಲ ಎಂದೇ ಹೇಳುತ್ತೇನೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಕೊರಗು ಬೇರೆಯದು. ಸ್ವಲ್ಪ ಹೊತ್ತಿಗೆ ಪ್ಯಾನೆಲ್ ಪಕ್ಕದ ಫೋನ್ ಬಡಿದುಕೊಂಡಿತು. ಸೂರತ್ತಿನ ಎಸ್‌ಟಿಡಿ ಬೂತಿನಿಂದ ಹೆಂಡತಿ.

"ರೀ, ಇನ್ನೂ ಅಲ್ಲೇ ಇದ್ದೀರಾ? ಕೇಳಿ ಇಲ್ಲಿ. ಎರಡು ಗೇಮ್ ಗೆದ್ದಿದ್ದಾಳೆ ಕಣ್ರೀ. ಇದೀಗ ಎರಡನೇದು ಹೆಂಗೆ ಆಡಿದಳು ಅಂದ್ರೆ, ಎದುರಿನ ಹುಡುಗಿ ಕೋಚೇ ಎದ್ದು ನಿಂತು..."

"ರಿಲೀವರ್ ಬಂದಿಲ್ಲ. ಆಮೇಲೆ ಹೇಳು. ಇದು ಪ್ಯಾನೆಲ್ ಲೈನು, ಇಡು."

"ಒಂದು ನಿಮಿಷ ರೀ."

"ಇಡು ಅಂದೆನಲ್ಲ."

ಇಟ್ಟಳು. ಘಟಕದಿಂದ ಯಾವ ಕ್ಷಣದಲ್ಲಾದರೂ ಕರೆ ಬರಬಹುದು, ಆದ್ದರಿಂದ ಆ ಫೋನ್ ಖಾಲಿ ಇರಬೇಕು ಎಂಬುದು ನಿಯಮ. ಆ ಮಧ್ಯಾಹ್ನ ಬೇರೆ ಯಾವ ಕರೆಯೂ ಬರಲಿಲ್ಲ.

ಬದಲಿ ಸಿಕ್ಕಿ, ಚಾರ್ಜ್ ಕೊಟ್ಟು, ವಡೋದರಾ ಸ್ಟೇಷನ್ನಿಗೆ ಓಡಿ, ಸಿಕ್ಕಿದ ರೈಲು ಹತ್ತಿ ಸೂರತ್ತಿನ ಆ ಹಾಲ್ ತಲುಪುವಾಗ ಸಂಜೆಯಾಗಿತ್ತು. ಒಳಗೆ ಮೇಜುಗಳನ್ನು ಮಡಚುತ್ತಿದ್ದರು. ಮಗಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಹಿಂದೆ ತಾಯಿ. ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ.

"ಏನಾಯ್ತು?"

"ಮುಗೀತು ಅಪ್ಪಾ. ಹೋಗೋಣ."

ಉಳಿದ ಮೂರೂ ಗೇಮ್ ಸೋತಿದ್ದಳು. ನಾನು ಕಾರಣ ಹೇಳಲು ಬಾಯಿ ತೆರೆದೆ. "ಗೊತ್ತು, ರಿಲೀವರ್ ಬಂದಿಲ್ಲ. ಅಮ್ಮ ಹೇಳಿದ್ಲು," ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ರಾತ್ರಿ ಪರಿಚಯದವರ ಮನೆಯಲ್ಲಿ ಉಳಿದು ಬೆಳಿಗ್ಗೆ ರೈಲು ಹತ್ತಿದೆವು. ನರ್ಮದೆಯ ಸೇತುವೆ ದಾಟಿ ಭರೂಚಿನಲ್ಲಿ ಉಪ್ಪು ಹಚ್ಚಿ ಹುರಿದ ಕಡಲೆಕಾಯಿ ಕೊಂಡೆ. ವಡೋದರಾ ಹತ್ತಿರ ಬರುವವರೆಗೂ ಮೂವರೂ ಸಿಪ್ಪೆ ಉಜ್ಜುತ್ತ ಕುಳಿತಿದ್ದೆವು. ಮಗಳು ಕಿಟಕಿಯ ಕಡೆ ತಿರುಗಿಕೊಂಡೇ ಇದ್ದಳು. ಇದ್ದಕ್ಕಿದ್ದಂತೆ ಕೇಳಿದಳು.

"ಅಪ್ಪಾ, ಆ ಆಟದಲ್ಲಿ ಕೋಟೆ ಗೋಡೆಗೆ ಒಂದು ಕಿಂಡಿ ಇದೆ, ನೋಡಿದ್ದೀರಾ?"

"ಎಲ್ಲಿ?"

"ಬಾಗಿಲಿಂದ ಸ್ವಲ್ಪ ಎಡಕ್ಕೆ. ಪಂಜಿನವನನ್ನ ಆ ಕಡೆ ನಡೆಸಿದ್ರೆ ಒಳಗಿನ ಫೈಟ್ ಕಾಣುತ್ತೆ. ಚಿಕ್ಕದಾಗಿ."

"ಆಗ ಬಾಗಿಲ ಹತ್ತಿರ ಕತ್ತಲಾಗಲ್ವಾ?"

"ಇಲ್ಲ. ಏನೂ ಆಗಲ್ಲ. ನಿಮಗೆ ಅವತ್ತೇ ಓಡಾಡಿಸಿ ಅಂದೆ, ನೀವು ಅಲ್ಲಾಡಲೇ ಇಲ್ಲ."

ಅವಳು ಇದನ್ನು ಬರೀ ಆಟದ ಬಗ್ಗೆ ಹೇಳಿದಳೋ, ಹಿಂದಿನ ದಿನ ತಾಯಿ ಬೂತಿಗೆ ಓಡಿದ್ದನ್ನು ಮನಸ್ಸಿನಲ್ಲಿಟ್ಟು ಹೇಳಿದಳೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಮನೆಗೆ ಹೋದ ಮೇಲೆ ಆ ಕಿಂಡಿ ನೋಡುತ್ತೇನೆ ಎಂದೆ.

ಮುಂದಿನ ವರ್ಷ ಬೋರ್ಡ್ ಪರೀಕ್ಷೆ. ಮಗಳು ತಾನಾಗಿಯೇ ಬ್ಯಾಟನ್ನು ಬೀರುವಿನಲ್ಲಿಟ್ಟಳು. ಅವಳು ಮತ್ತೆ ಪಂದ್ಯ ಆಡಲಿಲ್ಲ, ನಾನು ನೋಡಬಹುದಾಗಿದ್ದ ಪಂದ್ಯ ಅದೊಂದೇ ಆಯಿತು. ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿಯೇ ಇತ್ತು. ಪರೀಕ್ಷೆ, ರಜೆ, ಮಳೆಗಾಲ ಎಲ್ಲ ಮುಗಿದ ಮೇಲೆ ಒಂದು ದಿನ ಆ ಕಿಂಡಿ ನೋಡೋಣವೆಂದು ಫ್ಲಾಪಿ ತೆಗೆದರೆ ಅದಕ್ಕೆ ಬೂಷ್ಟು ಹಿಡಿದಿತ್ತು. ಪೆಟ್ಟಿಗೆ ಅದನ್ನು ಓದಲಿಲ್ಲ. ಹಾಸ್ಟೆಲ್ಲಿನ ಹುಡುಗಿ ಓದು ಮುಗಿಸಿ ಅಹಮದಾಬಾದಿಗೆ ಹೋಗಿಬಿಟ್ಟಿದ್ದಳಂತೆ.

ಅಂದು ಸಂಜೆ ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಾಗ ಹೋಗಿ ಪಕ್ಕದಲ್ಲಿ ನಿಂತೆ.

"ಸೂರತ್ತಲ್ಲಿ ಆ ಎರಡನೇ ಗೇಮು. ಅವಳು ಹೇಗೆ ಆಡಿದಳು, ಸ್ವಲ್ಪ ಹೇಳು."

ಅವಳು ಲಟ್ಟಣಿಗೆ ನಿಲ್ಲಿಸಿ ಯೋಚಿಸಿದಳು. ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು.

"ಚೆನ್ನಾಗಿ ಆಡಿದಳು ರೀ. ಎಲ್ಲರೂ ಚಪ್ಪಾಳೆ ಹೊಡೆದರು. ಒಂದೊಂದು ಹೊಡೆತಾನೂ ಹೇಳಬೇಕು ಅಂತಾನೇ ಅವತ್ತು ಬೂತಿಗೆ ಓಡಿದ್ದೆ. ಈಗ ಕೇಳಿದ್ರೆ ಎಲ್ಲಿ ನೆನಪಿರುತ್ತೆ?"

ಮತ್ತೆ ಲಟ್ಟಿಸತೊಡಗಿದಳು. ನಾನು ಹೋಗಿ ಕಂಪ್ಯೂಟರಿಗೆ ಬಟ್ಟೆ ಹೊದಿಸಿದೆ.